ಕೃತಕ ಹೃದಯ ಕವಾಟ ಮತ್ತು ರಕ್ತ ತೆಳುವಾಗಿಸುವ ಮಾತ್ರೆ: ದೀರ್ಘಕಾಲದ ಅಪಾಯಗಳನ್ನು ಹತೋಟಿಯಲ್ಲಿಡಲು ಒಂದು ಸಮಗ್ರ ಮಾರ್ಗದರ್ಶಿ

ಮೊದಲು ಕಂಡದ್ದು ದಿಂಬಿನ ಮೇಲಿನ ಕಲೆ. ಬಿಳಿ ಹೊದಿಕೆಯ ಒಂದು ಮೂಲೆಯಲ್ಲಿ ತುಕ್ಕಿನ ಬಣ್ಣದ, ಉಗುರಿನಷ್ಟಗಲದ ಮೂರು ಚುಕ್ಕೆಗಳು. ಅತ್ತಿಗೆ ಹಲ್ಲುಜ್ಜಿ ಉಗುಳಿದಾಗ ನೊರೆಗಿಂತ ಕೆಂಪೇ ಹೆಚ್ಚಿತ್ತು. ತೊಡೆಯ ಹೊರಬದಿಯಲ್ಲಿ ಅಂಗೈಯಗಲಕ್ಕೆ ನೀಲಿಗಟ್ಟಿತ್ತು. ಎಲ್ಲಿ ತಗಲಿತೆಂಬ ನೆನಪೇ ಅವರಿಗಿರಲಿಲ್ಲ. ಅಂದು ಮಧ್ಯಾಹ್ನ ಕೈಗೆ ಬಂದ ಐಎನ್‌ಆರ್ 7.4. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಪರೀಕ್ಷೆಯ ಸಂಖ್ಯೆ ಇದು; ಏರಿದಷ್ಟೂ ರಕ್ತಸ್ರಾವದ ಭಯ, ಇಳಿದಷ್ಟೂ ಹೆಪ್ಪಿನ ಭಯ. ಅವರಿಗೆ ಇರಬೇಕಾದದ್ದು 2.5ರಿಂದ 3.5.

ಅವರ ಎದೆಯಲ್ಲಿರುವುದು ಕೃತಕ ಕವಾಟ; ಅದಕ್ಕೆಂದು ಕೊಟ್ಟ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರು ಒಂದು ಚೂರೂ ಹೆಚ್ಚು ನುಂಗಿರಲಿಲ್ಲ. ಎಂಟು ವರ್ಷಗಳಿಂದ ಅದೇ ಹೊತ್ತಿಗೆ, ಅದೇ ಅಳತೆಯಲ್ಲಿ ತೆಗೆದುಕೊಳ್ಳುತ್ತಿದ್ದರು. ಬದಲಾಗಿದ್ದದ್ದು ಒಂದೇ: ನಾಲಿಗೆಯ ಮೇಲಿನ ಬಿಳಿ ಪೊರೆಗೆಂದು ಒಂಬತ್ತು ದಿನಗಳಿಂದ ಮೈಕೊನಜೋಲ್ ಜೆಲ್ ಸವರಿಕೊಳ್ಳುತ್ತಿದ್ದರು. ಬೆರಳಿನಲ್ಲಿ ಸವರುವ ಜೆಲ್ ಕೂಡ ಒಂದು ಔಷಧಿ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಾಯಿಯಿಂದ ಹೊಟ್ಟೆಗಿಳಿದ ಆ ಜೆಲ್, ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಕಟ್ಟಿಹಾಕಿತ್ತು.

ಆ ದಿನದಿಂದ ನನಗೆ ಒಂದು ಮಾತು ಖಚಿತವಾಗಿದೆ. ಈ ಮಾತ್ರೆಯ ದೊಡ್ಡ ಅಪಾಯಗಳು ಬಹುಪಾಲು ಅದರ ಅಕ್ಕಪಕ್ಕದಿಂದ ಬರುತ್ತವೆ: ಇನ್ನೊಂದು ಔಷಧಿ, ಒಂದು ವಾರದ ಭೇದಿ, ಹಲ್ಲು ಕೀಳಿಸಲು ಯಾರೋ ಹೇಳಿದರೆಂದು ನಿಲ್ಲಿಸಿದ ನಾಲ್ಕು ದಿನ. ಈ ಬರಹ ಆ ಅಕ್ಕಪಕ್ಕವನ್ನು ಕಾಯುವ ಬಗೆಯನ್ನು ಹೇಳುತ್ತದೆ. ನಾನು ವೈದ್ಯನಲ್ಲ; ಲೆಕ್ಕದ ಪುಸ್ತಕ ಇಡುವ ಮನೆಯವನು. ಅಳತೆ ಬದಲಿಸುವ ತೀರ್ಮಾನ ಎಂದಿಗೂ ನಿಮ್ಮ ವೈದ್ಯರದ್ದೇ.

ಹಂತ 1: ನಿಮ್ಮ ಕವಾಟ ಯಾವುದು, ನಿಮ್ಮ ಗುರಿ ಎಷ್ಟು

“ನನಗೆ ವಾಲ್ವ್ ಹಾಕಿದ್ದಾರೆ” ಎಂಬುದಷ್ಟೇ ಸಾಲದು. ನಾಲ್ಕು ಸಂಗತಿ ಬಾಯಿಪಾಠವಿರಲಿ: ಕವಾಟ ಯಾಂತ್ರಿಕವೋ ಅಂಗಾಂಶದ್ದೋ, ಯಾವ ಜಾಗದ್ದು, ಯಾವ ವರ್ಷ ಹಾಕಿದ್ದು, ಗುರಿಯ ಐಎನ್‌ಆರ್ ಎಷ್ಟು.

ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಕವಾಟವಾದರೆ ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳು ಮಾತ್ರ ವಾರ್ಫರಿನ್ ಬೇಕಾಗಬಹುದು. ಹೃದಯದ ಲಯ ತಪ್ಪಿದ್ದರೆ ಮುಂದುವರಿಯುತ್ತದೆ. ಯಾಂತ್ರಿಕ ಕವಾಟವಾದರೆ ಜೀವಮಾನವಿಡೀ. ಮಹಾಪಧಮನಿಯ ಜಾಗದಲ್ಲಿ ಎರಡು ರೆಕ್ಕೆಯ ಹೊಸ ಮಾದರಿಯ ಕವಾಟವಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಗುರಿ 2.5, ಅಂದರೆ 2ರಿಂದ 3ರ ನಡುವೆ. ಮೈಟ್ರಲ್ ಜಾಗದ್ದಾದರೆ (ಹೃದಯದ ಎಡಬದಿಯ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನದು) ಗುರಿ 3, ಅಂದರೆ 2.5ರಿಂದ 3.5. ಮೈಟ್ರಲ್ ಜಾಗದಲ್ಲಿ ರಕ್ತದ ಹರಿವಿನ ಒತ್ತಡ ಕಡಿಮೆ, ಹಾಗಾಗಿ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೆರಡು ಮಾದರಿಗಳಿಗೆ ಇನ್ನೂ ಕೆಳಗಿನ ಗುರಿಗೆ ಅನುಮತಿ ಇದೆ. ಆದ್ದರಿಂದ ಪಕ್ಕದ ಮನೆಯವರ ಸಂಖ್ಯೆ ನಿಮ್ಮ ಸಂಖ್ಯೆಯಲ್ಲ. ನಿಮ್ಮದು ಬಿಡುಗಡೆ ಪತ್ರದಲ್ಲಿ ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಬರೆಸಿಕೊಳ್ಳಿ.

ಮಾತ್ರೆಯ ಹೆಸರೂ ಮುಖ್ಯ. ವಾರ್ಫರಿನ್ ಮತ್ತು ಅಸೆನೊಕೌಮರಾಲ್ ಒಂದೇ ಕುಟುಂಬದವು, ಆದರೆ ಒಂದರ ಮಿಲಿಗ್ರಾಂ ಇನ್ನೊಂದರ ಮಿಲಿಗ್ರಾಂ ಅಲ್ಲ. ವಾರ್ಫರಿನ್ನಿನ ಅರ್ಧಾಯು (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಸುಮಾರು 40 ಗಂಟೆ, ಅಸೆನೊಕೌಮರಾಲ್‌ನದ್ದು ಹತ್ತು ಗಂಟೆಯ ಆಸುಪಾಸು. ಎರಡನೆಯದನ್ನು ಒಂದು ಹೊತ್ತು ಮರೆತರೂ ರಕ್ತಕ್ಕೆ ಬೇಗ ಗೊತ್ತಾಗುತ್ತದೆ.

ಬಣ್ಣ ನೋಡಿ ಮಾತ್ರೆ ಗುರುತಿಸುವ ಅಭ್ಯಾಸವನ್ನು ಬಿಡಿ. ಅಮೆರಿಕದಲ್ಲಿ ಗುಲಾಬಿ ಬಣ್ಣದ ವಾರ್ಫರಿನ್ ಎಂದರೆ 1 ಮಿಲಿಗ್ರಾಂ, ಬ್ರಿಟನ್ನಿನಲ್ಲಿ ಅದೇ ಗುಲಾಬಿ 5 ಮಿಲಿಗ್ರಾಂ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲಿನ ಅಂಕಿಯನ್ನೇ ಓದಬೇಕು, ಹೊಸ ಪಟ್ಟಿ ತಂದಾಗಲೆಲ್ಲ ಓದಬೇಕು.

ಹೊಸ ತಲೆಮಾರಿನ ಮಾತ್ರೆಗಳಿಗೆ ಪರೀಕ್ಷೆಯ ಕಾಟವಿಲ್ಲವಂತೆ, ಅದಕ್ಕೆ ಬದಲಾಯಿಸಬಾರದೇ ಎಂದು ಕೇಳದವರಿಲ್ಲ. ಯಾಂತ್ರಿಕ ಕವಾಟದವರಿಗೆ ಉತ್ತರ: ಬೇಡ. ಅವುಗಳಲ್ಲಿ ಒಂದಾದ ಡಾಬಿಗಾಟ್ರಾನ್ ಅನ್ನು ಯಾಂತ್ರಿಕ ಕವಾಟದವರ ಮೇಲೆ ಪರೀಕ್ಷಿಸಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಹೆಪ್ಪುಗಟ್ಟುವಿಕೆಯೂ ರಕ್ತಸ್ರಾವವೂ ಎರಡೂ ವಾರ್ಫರಿನ್‌ಗಿಂತ ಹೆಚ್ಚಿದ್ದವು. ಅಪಿಕ್ಸಾಬಾನ್‌ನ ಪ್ರಯೋಗವೂ 2022ರಲ್ಲಿ ಹೆಪ್ಪುಗಟ್ಟುವಿಕೆ ಹೆಚ್ಚಾದ ಕಾರಣಕ್ಕೇ ನಿಂತಿತು. ಈ ಮಾತ್ರೆಗಳು ಬೇರೆ ರೋಗಿಗಳಿಗೆ ಒಳ್ಳೆಯವೇ ಆಗಿರುವುದರಿಂದಲೇ ಎಚ್ಚರ ಬೇಕು: ನಿಮ್ಮ ಕವಾಟದ ಸಂಗತಿ ತಿಳಿಯದ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಬದಲಿಸಿಬಿಡಬಹುದು.

ಹಂತ 2: ಮಾತ್ರೆಯ ನಿಧಾನವನ್ನು ಅರ್ಥ ಮಾಡಿಕೊಳ್ಳಿ

ವಾರ್ಫರಿನ್ನಿನ ಹುಟ್ಟು ವಿಚಿತ್ರ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೊಳೆತ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯುತ್ತಿದ್ದವು. ಅದರ ಜಾಡು ಹಿಡಿದ ಸಂಶೋಧನೆಯಿಂದ ಬಂದ ವಾರ್ಫರಿನ್ 1948ರಲ್ಲಿ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಅನುಮತಿ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. “ಇಲಿ ಪಾಷಾಣ ತಿನ್ನುತ್ತೀಯಾ” ಎಂದು ಹೆದರಿಸುವ ನೆಂಟರಿಗೆ ಈ ಎರಡನೆಯ ಅರ್ಧವನ್ನೂ ಹೇಳಬಹುದು.

ಹೆಸರಿಗೆ ರಕ್ತ ತೆಳುವಾಗಿಸುವ ಮಾತ್ರೆಯಾದರೂ ಇದು ರಕ್ತವನ್ನು ನೀರಾಗಿಸುವುದಿಲ್ಲ. ವಿಟಮಿನ್ ಕೆ ಬಳಸಿ ಯಕೃತ್ತು ತಯಾರಿಸುವ 2, 7, 9 ಮತ್ತು 10ನೆಯ ಹೆಪ್ಪುಗಟ್ಟಿಸುವ ಅಂಶಗಳು ಪೂರ್ತಿ ಬಲಿಯದಂತೆ ತಡೆಯುತ್ತದೆ, ಅಷ್ಟೇ. ರಕ್ತದಲ್ಲಿ ಆಗಲೇ ಇರುವ ಅಂಶಗಳು ಸವೆದುಹೋಗುವವರೆಗೆ ಪರಿಣಾಮ ಕಾಣದು. 7ನೆಯ ಅಂಶ ಕೆಲವು ಗಂಟೆಗಳಲ್ಲಿ ಕರಗುತ್ತದೆ. 2ನೆಯದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಇಂದು ಬದಲಿಸಿದ ಅಳತೆ ನಾಳಿದ್ದಿನ ಐಎನ್‌ಆರ್‌ನಲ್ಲಿ ಇಣುಕುತ್ತದೆ, ಪೂರ್ತಿ ಕಾಣಲು ಸುಮಾರು ಒಂದು ವಾರ.

ಇಷ್ಟು ತಿಳಿದರೆ ಎರಡು ತಪ್ಪು ತಪ್ಪುತ್ತವೆ. ಒಂದು, ನಿನ್ನೆಯ ಮಾತ್ರೆ ಮರೆತೆನೆಂದು ಇಂದು ಎರಡು ನುಂಗುವುದು. ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಹೋದದ್ದು ಹೋಯಿತು, ಪುಸ್ತಕದಲ್ಲಿ ಬರೆದು ಎಂದಿನ ಅಳತೆಯನ್ನೇ ಮುಂದುವರಿಸಿ, ವೈದ್ಯರಿಗೆ ತಿಳಿಸಿ. ಇನ್ನೊಂದು, ಇಂದು ಬಂದ ಸಂಖ್ಯೆಗೆ ಇಂದಿನ ಊಟವನ್ನು ದೂರುವುದು. ಇಂದಿನ ಸಂಖ್ಯೆ ಮೊನ್ನೆಯ ಮತ್ತು ಕಳೆದ ವಾರದ ಕತೆ ಹೇಳುತ್ತದೆ.

ಹಂತ 3: ಪುಸ್ತಕ ಇಡಿ

ಇದನ್ನೇ ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅತ್ತಿಗೆಯದ್ದು ಗೀಟು ಹಾಕಿದ ಸಾದಾ ನೋಟ್‌ಬುಕ್. ಒಂದು ಪುಟಕ್ಕೆ ಒಂದು ತಿಂಗಳು. ತಾರೀಕು, ನುಂಗಿದ ಮಿಲಿಗ್ರಾಂ, ನುಂಗಿದ ಮೇಲೆ ಒಂದು ಗುರುತು. ಪರೀಕ್ಷೆಯಾದ ದಿನ ಐಎನ್‌ಆರ್ ಕೆಂಪು ಶಾಯಿಯಲ್ಲಿ. ಬಲತುದಿಯ ಅಗಲವಾದ ಅಂಕಣಕ್ಕೆ ಹೆಸರು “ಇನ್ನೇನು?”: ಜ್ವರ, ಭೇದಿ, ಊಟ ಸೇರದ್ದು, ಹೊಸ ಔಷಧಿ, ಪ್ರಯಾಣ, ಮರೆತ ಹೊತ್ತು. ಜೆಲ್ಲಿನ ಪ್ರಸಂಗ ನಡೆದಾಗ ಈ ಕೊನೆಯ ಅಂಕಣ ಇರಲಿಲ್ಲ. ಇದ್ದಿದ್ದರೆ ವೈದ್ಯರು ಅರ್ಧ ಗಂಟೆ ಪ್ರಶ್ನೆ ಕೇಳಬೇಕಾಗಿರಲಿಲ್ಲ.

ಅಳತೆಯನ್ನು ವಾರದ ಮೊತ್ತವಾಗಿ ಯೋಚಿಸಲು ಕಲಿಯಿರಿ. ದಿನಕ್ಕೆ 5 ಮಿಲಿಗ್ರಾಂ ಎಂದರೆ ವಾರಕ್ಕೆ 35. ವೈದ್ಯರು “ಭಾನುವಾರ ಮಾತ್ರ ಅರ್ಧ ಮಾತ್ರೆ” ಎಂದರೆ 32.5, ಅಂದರೆ ಶೇಕಡಾ 7ರಷ್ಟು ಇಳಿಕೆ. ವಾರದಲ್ಲಿ ಎರಡು ದಿನ ಅರ್ಧ ಎಂದರೆ 30, ಶೇಕಡಾ 14. ಗುರಿಯಿಂದ ಸ್ವಲ್ಪ ಆಚೀಚೆ ಹೋದಾಗ ಬದಲಾವಣೆಗಳು ಸಾಮಾನ್ಯವಾಗಿ ಇಷ್ಟು ಸಣ್ಣವೇ. ಯಾರಾದರೂ ಏಕಾಏಕಿ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುವುದು ಅನುಕೂಲ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ಸಂಖ್ಯೆ ಬಂದಿರುತ್ತದೆ, ಬದಲಾವಣೆ ಬೇಕಿದ್ದರೆ ಅಂದೇ ಮಾಡಬಹುದು.

ಅಳತೆ ನೆಲೆಗೊಂಡವರಿಗೆ ಪರೀಕ್ಷೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ. ಬದಲಾವಣೆಯಾದಾಗ, ಕಾಯಿಲೆ ಬಿದ್ದಾಗ, ಹೊಸ ಔಷಧಿ ಸೇರಿದಾಗ ಮೂರರಿಂದ ಏಳು ದಿನದೊಳಗೆ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಐಎನ್‌ಆರ್ ಎಂಬ ಅಳತೆಗೋಲು 1980ರ ದಶಕದಲ್ಲಿ ಬಂದದ್ದೇ ಲ್ಯಾಬಿನಿಂದ ಲ್ಯಾಬಿಗೆ ಸಂಖ್ಯೆ ಬದಲಾಗುತ್ತಿದ್ದ ಗೊಂದಲ ತೀರಿಸಲು. ಆದರೂ ಸಣ್ಣ ವ್ಯತ್ಯಾಸ ಉಳಿದೇ ಇದೆ. ಬೆರಳ ತುದಿಯ ಒಂದು ಹನಿಯಿಂದ ಮನೆಯಲ್ಲೇ ನೋಡುವ ಯಂತ್ರ ತರುವುದಾದರೆ ಮೊದಲ ಕೆಲವು ಸಲ ಲ್ಯಾಬಿನ ಸಂಖ್ಯೆಯೊಂದಿಗೆ ಹೋಲಿಸಿ. ತರಬೇತಿ ಪಡೆದು ತಾವೇ ಪರೀಕ್ಷಿಸಿಕೊಳ್ಳುವವರಲ್ಲಿ ಹೆಪ್ಪುಗಟ್ಟಿ ಆಗುವ ಅನಾಹುತಗಳು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ಆರು ತಿಂಗಳಿಗೊಮ್ಮೆ ಒಂದು ಸರಳ ಲೆಕ್ಕ ಮಾಡಿ. ಕೊನೆಯ ಹತ್ತು ಐಎನ್‌ಆರ್‌ಗಳಲ್ಲಿ ಎಷ್ಟು ಗುರಿಯೊಳಗಿದ್ದವು? ಏಳು ಅಥವಾ ಹೆಚ್ಚಾದರೆ ಚೆನ್ನಾಗಿದೆ. ಐದಕ್ಕಿಂತ ಕಡಿಮೆಯಾದರೆ ಇವತ್ತಿನ ಸಂಖ್ಯೆ ಸರಿಯಿದ್ದರೂ ನೆಮ್ಮದಿಯಿಂದ ಕೂರಬೇಡಿ; ವೈದ್ಯರ ಮುಂದೆ ಆ ಹತ್ತನ್ನೂ ಇಡಿ.

ಹಂತ 4: ರಕ್ತಸ್ರಾವದ ಅಪಾಯವನ್ನು ವರ್ಷಗಳ ಲೆಕ್ಕದಲ್ಲಿ ನೋಡಿ

ಯಾಂತ್ರಿಕ ಕವಾಟವಿದ್ದು ಈ ಮಾತ್ರೆ ತೆಗೆದುಕೊಳ್ಳುವ ನೂರು ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಂದ ಮೂವರಿಗೆ ದೊಡ್ಡ ರಕ್ತಸ್ರಾವವಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಕೇಳಲು ಸಣ್ಣದು. ಆದರೆ ವರ್ಷಕ್ಕೆ ಶೇಕಡಾ 2 ಎಂದೇ ಹಿಡಿದು ಗುಣಿಸುತ್ತ ಹೋದರೆ ಹತ್ತು ವರ್ಷಕ್ಕೆ ನೂರರಲ್ಲಿ 18, ಇಪ್ಪತ್ತು ವರ್ಷಕ್ಕೆ 33. ಮೂವತ್ತೈದರ ಹರೆಯದಲ್ಲಿ ಕವಾಟ ಹಾಕಿಸಿಕೊಂಡವರಿಗೆ ಇದು ನಿಜವಾದ ಲೆಕ್ಕ. ಹೆದರಿಸಲು ಹೇಳುತ್ತಿಲ್ಲ: ಈ ಅಪಾಯ ಎಲ್ಲರ ಮೇಲೂ ಸಮನಾಗಿ ಹಂಚಿಹೋಗಿಲ್ಲ. ಐಎನ್‌ಆರ್ ಕುಣಿಯುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಮೂತ್ರಪಿಂಡದ ತೊಂದರೆ ಅಥವಾ ರಕ್ತಹೀನತೆ ಇರುವವರು, ಹೆಚ್ಚು ಮದ್ಯ ಕುಡಿಯುವವರು, ಜೊತೆಗೆ ಆ್ಯಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗುವವರು, ಹಿಂದೊಮ್ಮೆ ರಕ್ತಸ್ರಾವವಾದವರು, 65 ದಾಟಿದವರು ಅದರ ದೊಡ್ಡ ಪಾಲನ್ನು ಹೊರುತ್ತಾರೆ. ವಯಸ್ಸು ಮತ್ತು ಹಳೆಯ ಚರಿತ್ರೆ ಬಿಟ್ಟರೆ ಉಳಿದ ಬಹುತೇಕ ಸಂಗತಿಗಳಲ್ಲಿ ಮಾಡಬಹುದಾದದ್ದು ಏನಾದರೂ ಇದ್ದೇ ಇರುತ್ತದೆ.

ಆ್ಯಸ್ಪಿರಿನ್ ಬಗ್ಗೆ ಒಂದು ಮಾತು. ಹಿಂದೆ ಯಾಂತ್ರಿಕ ಕವಾಟದವರಿಗೆಲ್ಲ ವಾರ್ಫರಿನ್ ಜೊತೆ ಸಣ್ಣ ಆ್ಯಸ್ಪಿರಿನ್ ಸೇರಿಸುವುದು ರೂಢಿಯಾಗಿತ್ತು. 2020ರ ಅಮೆರಿಕದ ಹೃದ್ರೋಗ ಮಾರ್ಗಸೂಚಿ ಆ ರೂಢಿಯನ್ನು ಸಡಿಲಿಸಿ, ಬೇರೆ ಕಾರಣವಿದ್ದು ರಕ್ತಸ್ರಾವದ ಅಪಾಯ ಕಡಿಮೆಯಿದ್ದರೆ ಮಾತ್ರ ಪರಿಗಣಿಸಬಹುದು ಎಂದಿತು. ಹಳೆಯ ಚೀಟಿಯಲ್ಲಿ ಆ್ಯಸ್ಪಿರಿನ್ ಇದ್ದರೆ “ಇದು ಈಗಲೂ ನನಗೆ ಬೇಕೇ” ಎಂದು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ; ಕೆಲವು ಕವಾಟಗಳಿಗೆ, ಸ್ಟೆಂಟ್ ಇರುವವರಿಗೆ ಅದು ಬೇಕಾಗಬಹುದು.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು? ಕ್ಷೌರದ ಗಾಯ, ಸಣ್ಣ ನೀಲಿ, ಬ್ರಷ್ ತಗಲಿದ ವಸಡು ಇವುಗಳಿಗೆ ಕಾಯಬಹುದು. ಮೂಗಿನಿಂದ ರಕ್ತ ಬಂದರೆ ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಬಿಡದೆ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ತಲೆಯನ್ನು ಹಿಂದಕ್ಕೆ ಚಾಚಿದರೆ ರಕ್ತ ಹೊಟ್ಟೆಗಿಳಿಯುತ್ತದೆ, ನಿಲ್ಲುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಬೆರಳು ತೆಗೆದು ನೋಡುವುದು ನಮ್ಮೆಲ್ಲರ ಚಪಲ, ಗಡಿಯಾರ ಎದುರಿಗಿಟ್ಟುಕೊಳ್ಳಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆ.

ಟಾರಿನಂತೆ ಕಪ್ಪಾದ, ಅಂಟಂಟಾದ ಮಲ, ಕೆಂಪು ಅಥವಾ ಕಂದು ಮೂತ್ರ, ಕಾಫಿ ಪುಡಿಯಂಥ ವಾಂತಿ, ಕಾರಣವಿಲ್ಲದೆ ಊದಿ ನೋಯುವ ಕೀಲು ಇವಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದೇ ಇರಬಹುದೆಂದು ನೀವೇ ತೀರ್ಮಾನಿಸಬೇಡಿ. ಇನ್ನು, ಐಎನ್‌ಆರ್ ಸರಿಯಾಗಿದ್ದಾಗಲೂ ಕರುಳಿನಿಂದಲೋ ಮೂತ್ರದಲ್ಲೋ ರಕ್ತ ಬಂದರೆ “ಮಾತ್ರೆಯಿಂದ ಅಲ್ಲವೇ” ಎಂದು ಅಲ್ಲಿಗೇ ಬಿಡಬಾರದು. ಅಡಗಿ ಕುಳಿತ ಹುಣ್ಣು ಅಥವಾ ಗಡ್ಡೆಯನ್ನು ಈ ಮಾತ್ರೆ ಬೇಗ ಬಯಲು ಮಾಡುವುದೂ ಉಂಟು, ತನಿಖೆ ಆಗಲೇಬೇಕು.

ತಲೆಗೆ ಬಿದ್ದ ಪೆಟ್ಟು ಬೇರೆಯೇ ವರ್ಗ. ಎಚ್ಚರ ತಪ್ಪದಿದ್ದರೂ, ಬುಗುಟು ಏಳದಿದ್ದರೂ, “ನನಗೇನೂ ಆಗಿಲ್ಲ” ಎಂದು ನಗುತ್ತಿದ್ದರೂ ಆಸ್ಪತ್ರೆಗೆ ಹೋಗಿ, ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿದ್ದೇನೆಂದು ಮೊದಲ ವಾಕ್ಯದಲ್ಲೇ ಹೇಳಿ. ಹಿರಿಯರಲ್ಲಿ ತಲೆಬುರುಡೆಯೊಳಗಿನ ರಕ್ತ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸದ್ದಿಲ್ಲದೆ ಸೇರುತ್ತ ಹೋಗುತ್ತದೆ. ಬಿದ್ದು ಮೂರು ವಾರದ ಮೇಲೆ ತೂಕಡಿಕೆ, ತಲೆನೋವು, ಮಾತಿನಲ್ಲಿ ಗೊಂದಲ ಕಂಡರೆ ಅದನ್ನು ಮುಪ್ಪಿನ ಖಾತೆಗೆ ಬರೆಯಬೇಡಿ.

ಹಂತ 5: ಇನ್ನೊಂದು ದಡವನ್ನು ಮರೆಯಬೇಡಿ

ರಕ್ತ ಕಂಡು ಹೆದರಿದವರು ಮಾಡುವ ಮೊದಲ ಕೆಲಸ ಮಾತ್ರೆ ನಿಲ್ಲಿಸುವುದು. ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ. ಕವಾಟದ ಅಂಚಿನಲ್ಲಿ ಕೂತ ಹೆಪ್ಪು ಕಾಣುವುದಿಲ್ಲ. 1994ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಯಾಂತ್ರಿಕ ಕವಾಟವಿದ್ದು ಯಾವ ಮಾತ್ರೆಯೂ ಇಲ್ಲದ ನೂರು ಜನರಲ್ಲಿ ವರ್ಷಕ್ಕೆ ಸುಮಾರು ನಾಲ್ವರಿಗೆ ಹೆಪ್ಪು ಸಿಡಿದು ದೊಡ್ಡ ಅನಾಹುತವಾಗುತ್ತದೆ. ಆ್ಯಸ್ಪಿರಿನ್ ಮಾತ್ರ ಇದ್ದರೆ ಸುಮಾರು ಇಬ್ಬರಿಗೆ, ವಾರ್ಫರಿನ್ ಬಗೆಯ ಮಾತ್ರೆ ಇದ್ದರೆ ಒಬ್ಬರಿಗೆ.

ಯಾಂತ್ರಿಕ ಕವಾಟಕ್ಕೆ ಒಂದು ಸದ್ದಿದೆ. ರಾತ್ರಿ ಮನೆ ತಣ್ಣಗಾದಾಗ ಅತ್ತಿಗೆಯ ಎದೆಯಿಂದ ಕೈಗಡಿಯಾರದಂಥ ಟಿಕ್ ಟಿಕ್ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಮೊದಲ ತಿಂಗಳು ಅದರಿಂದ ನಿದ್ದೆ ಬರುತ್ತಿರಲಿಲ್ಲವಂತೆ. ಈಗ ಅದು ಕೇಳಿದರೇ ನಿದ್ದೆ. ಈ ಸದ್ದು ಮಂದವಾದರೆ, ನಿಂತರೆ, ಜೊತೆಗೆ ಹೊಸದಾಗಿ ಏದುಸಿರು ಬಂದರೆ ಕವಾಟದಲ್ಲಿ ಹೆಪ್ಪು ಸಿಕ್ಕಿರಬಹುದು. ಮುಖ ಒಂದು ಕಡೆ ಜೋತುಬಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಒಂದು ಕಣ್ಣಿನ ದೃಷ್ಟಿ ಕ್ಷಣಕಾಲ ಮಂಕಾದರೆ ಅದು ಪಾರ್ಶ್ವವಾಯುವಿನ ಸೂಚನೆ. ಎರಡೂ ಸಂದರ್ಭದಲ್ಲಿ ಮರುದಿನದ ಹೊರರೋಗಿ ವಿಭಾಗಕ್ಕೆ ಕಾಯುವ ಮಾತೇ ಇಲ್ಲ, ತಕ್ಷಣ ತುರ್ತು ಚಿಕಿತ್ಸೆ.

ಐಎನ್‌ಆರ್ ಹೆಚ್ಚಾದಾಗಲೂ ಇದೇ ಸಮತೋಲದ ಪ್ರಶ್ನೆ. ರಕ್ತಸ್ರಾವವಿಲ್ಲದೆ 4.5ರಿಂದ 10ರವರೆಗೆ ಏರಿದ್ದರೆ ಒಂದೆರಡು ಹೊತ್ತು ನಿಲ್ಲಿಸಿ ಮತ್ತೆ ಪರೀಕ್ಷಿಸುವುದೇ ಹೆಚ್ಚಿನ ಸಂದರ್ಭದಲ್ಲಿ ಸಾಕಾಗುತ್ತದೆ. ವಿಟಮಿನ್ ಕೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಸಂಖ್ಯೆ ಧಡಕ್ಕನೆ ಇಳಿದು, ಆಮೇಲೆ ದಿನಗಟ್ಟಲೆ ಮಾತ್ರೆಗೆ ಬಗ್ಗುವುದಿಲ್ಲ. ಯಾಂತ್ರಿಕ ಕವಾಟಕ್ಕೆ ಅದೇ ಅಪಾಯ. ಅತ್ತಿಗೆಗೆ ವಸಡಿನಿಂದ ರಕ್ತ ಬರುತ್ತಿದ್ದುದರಿಂದ ಬಾಯಿಯ ಮೂಲಕ ತೀರ ಸಣ್ಣ ಪ್ರಮಾಣ ಕೊಟ್ಟರು, ಎರಡು ಹೊತ್ತು ಮಾತ್ರೆ ತಪ್ಪಿಸಿದರು. ಮೂರನೆಯ ದಿನ 3.1.

ಹಂತ 6: ಪ್ರತಿ ಹೊಸ ಔಷಧಿಯನ್ನೂ ಅನುಮಾನಿಸಿ

ಐಎನ್‌ಆರ್ ಏರಿಸುವವರಲ್ಲಿ ಮುಂಚೂಣಿಯವು: ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್, ನಮ್ಮನ್ನು ಕಾಡಿದ ಮೈಕೊನಜೋಲ್, ಎರಿಥ್ರೊಮೈಸಿನ್ ಮತ್ತು ಕ್ಲಾರಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್. ಅಮಿಯೊಡರೋನ್ ತೀರ ಮೆಲ್ಲಗೆ ಕೆಲಸ ಮಾಡುವ ಅತಿಥಿ. ವಾರಗಳ ಕಾಲ ಏರಿಸುತ್ತ ಹೋಗುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ವಾರ್ಫರಿನ್ ಅಳತೆಯನ್ನು ಶೇಕಡಾ 30ರಿಂದ 50ರಷ್ಟು ಇಳಿಸಬೇಕಾಗುವುದು ಸಾಮಾನ್ಯ. ಇಳಿಸುವವು ಬೇರೆ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಕಾರ್ಬಮಜೆಪೀನ್ ಮತ್ತು ಫೆನೊಬಾರ್ಬಿಟಲ್. ಇಲ್ಲಿ ಬಲೆ ಇರುವುದು ಕೊನೆಯಲ್ಲಿ. ರಿಫಾಂಪಿಸಿನ್ ಇದ್ದಾಗ ಏರಿಸಿದ ಅಳತೆಯನ್ನು ಅದು ಮುಗಿದ ಮೇಲೆ ಇಳಿಸಲು ಮರೆತರೆ ಐಎನ್‌ಆರ್ ಗಗನಕ್ಕೇರುತ್ತದೆ. ಆದ್ದರಿಂದ ಔಷಧಿ ಶುರುವಾದ ದಿನವನ್ನಷ್ಟೇ ಅಲ್ಲ, ಮುಗಿದ ದಿನವನ್ನೂ ಪುಸ್ತಕದಲ್ಲಿ ಬರೆಯಿರಿ.

ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಅವು ಹೊಟ್ಟೆಯ ಒಳಪದರವನ್ನು ಕೆರೆಯುತ್ತವೆ, ರಕ್ತದ ತಟ್ಟೆಕಣಗಳನ್ನೂ (ಪ್ಲೇಟ್‌ಲೆಟ್) ಮಂಕಾಗಿಸುತ್ತವೆ. ಐಎನ್‌ಆರ್ ಏರದೆಯೇ ರಕ್ತ ಬರುವಂತೆ ಮಾಡುವುದರಿಂದ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ. ಪ್ಯಾರಾಸಿಟಮಾಲ್ ಒಳ್ಳೆಯದು, ಆದರೆ ದಿನಕ್ಕೆ 2 ಗ್ರಾಂನಷ್ಟು ಹಲವು ದಿನ ಬಿಡದೆ ತೆಗೆದುಕೊಂಡರೆ ಅದೂ ಐಎನ್‌ಆರ್ ಏರಿಸುತ್ತದೆ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಸಾಧು ಅಲ್ಲ. ಗಿಂಕೊ, ಬೆಳ್ಳುಳ್ಳಿಯ ಸಾಂದ್ರ ಮಾತ್ರೆಗಳು ರಕ್ತಸ್ರಾವದ ಕಡೆಗೆ ತಳ್ಳಬಹುದು. ಸೇಂಟ್ ಜಾನ್ಸ್ ವರ್ಟ್ ವಾರ್ಫರಿನ್ನಿನ ಬಲ ಕುಗ್ಗಿಸುತ್ತದೆ. ಹೆಸರಿಲ್ಲದ ಪುಡಿಗಳ ವಿಷಯದಲ್ಲಿ ನನ್ನ ನಿಲುವು ಸರಳ: ಒಳಗೇನಿದೆ ಎಂದು ಬರೆದಿಲ್ಲದ್ದು ಬಾಯಿಗೆ ಬೇಡ.

ಹಂತ 7: ಊಟ ಮತ್ತು ಕಾಯಿಲೆಯ ದಿನಗಳು

ಸೊಪ್ಪು ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ಪಾಲಕ್, ಎಲೆಕೋಸು, ಬ್ರೊಕೊಲಿಗಳಲ್ಲಿ ವಿಟಮಿನ್ ಕೆ ಹೇರಳವಾಗಿದೆ, ನಿಜ. ಆದರೆ ಬೇಕಾದದ್ದು ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣ. ಸೊಪ್ಪನ್ನು ಪೂರ್ತಿ ಬಿಟ್ಟವರ ಮೈಯಲ್ಲಿ ವಿಟಮಿನ್ ಕೆ ದಾಸ್ತಾನು ಬರಿದಾಗಿ, ಒಂದು ದಿನದ ಏರುಪೇರಿಗೂ ಐಎನ್‌ಆರ್ ಕುಣಿಯುತ್ತದೆ. ವೈದ್ಯರು ಮಾತ್ರೆಯ ಅಳತೆಯನ್ನು ನಿಮ್ಮ ಊಟಕ್ಕೆ ಹೊಂದಿಸಲಿ.

ಊಟಕ್ಕಿಂತ ಉಪವಾಸ ಹೆಚ್ಚು ಅಪಾಯಕಾರಿ. ಜ್ವರ, ಭೇದಿ, ಮೂರು ದಿನ ಊಟ ಸೇರದ್ದು ಇವೆಲ್ಲ ಐಎನ್‌ಆರ್ ಏರಿಸುತ್ತವೆ. ಹೃದಯ ಸೋತು ಯಕೃತ್ತಿನಲ್ಲಿ ರಕ್ತ ನಿಂತಾಗ, ಥೈರಾಯ್ಡ್ ಚುರುಕಾದಾಗಲೂ ಹಾಗೆಯೇ. ಕಾಯಿಲೆಯ ವಾರದಲ್ಲಿ ನಾಲ್ಕು ವಾರದ ಗಡುವಿಗೆ ಕಾಯಬೇಡಿ.

ಹಂತ 8: ನಿಧಾನವಾಗಿ ಬರುವ ತೊಂದರೆಗಳು

ವಿಟಮಿನ್ ಕೆ ಬರೀ ಹೆಪ್ಪುಗಟ್ಟಿಸಲು ಇರುವುದಲ್ಲ. ಮೂಳೆಯ ಆಸ್ಟಿಯೊಕ್ಯಾಲ್ಸಿನ್ ಎಂಬ ಪ್ರೋಟೀನಿಗೂ, ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರದಂತೆ ತಡೆಯುವ ಇನ್ನೊಂದು ಪ್ರೋಟೀನಿಗೂ ಅದು ಬೇಕು. ಹೀಗಾಗಿ ವಾರ್ಫರಿನ್ ಮೇಲೆ ದೀರ್ಘಕಾಲ ಇರುವವರಲ್ಲಿ ನಾಳಗಳಲ್ಲಿ ಸುಣ್ಣ ಕಟ್ಟುವುದು ಹೆಚ್ಚು ಕಂಡುಬಂದಿದೆ. ಮೂಳೆ ಸವೆತದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಮುಟ್ಟು ನಿಂತವರು, 65 ದಾಟಿದವರು ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಕೇಳಬಹುದು. ಬೀಳುವುದೇ ಅಪಾಯವಾಗಿರುವ ವಯಸ್ಸಿನಲ್ಲಿ ಗಟ್ಟಿ ಮೂಳೆ ಎರಡು ಪಟ್ಟು ಲಾಭ.

ಮೂತ್ರಪಿಂಡಕ್ಕೆ ಬರುವ ಹಾನಿ ಕಡಿಮೆ ಜನರಿಗೆ ಗೊತ್ತು. ಐಎನ್‌ಆರ್ ಗುರಿ ಮೀರಿ ಏರಿದಾಗ ಸೋಸುವ ಜರಡಿಗಳಲ್ಲಿ ಸೂಕ್ಷ್ಮ ರಕ್ತಸ್ರಾವವಾಗಿ, ಕೆಂಪುಕಣಗಳು ಕೊಳವೆಗಳಲ್ಲಿ ಸಿಕ್ಕಿಕೊಳ್ಳಬಹುದು. ಮೊದಲೇ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದು ಹೆಚ್ಚು. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಪರೀಕ್ಷೆ) ಮತ್ತು ಹಿಮೊಗ್ಲೋಬಿನ್ ನೋಡಿಸಿ; ಐಎನ್‌ಆರ್ ಬಹಳ ಏರಿದ ಮೇಲೆ ಇನ್ನೊಮ್ಮೆ. ಹಿಮೊಗ್ಲೋಬಿನ್ ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ ಮಾಡಿಕೊಳ್ಳಿ, ಅದು ಬೇರೆ ಕಾರಣವೆಂದು ಸಾಬೀತಾಗುವವರೆಗೆ.

ಕೂದಲು ಉದುರುವುದೂ ಕೆಲವರಿಗೆ ಉಂಟು. ಪ್ರಾಣಕ್ಕೆ ಸಂಬಂಧಿಸಿದ್ದಲ್ಲವಾದರೂ ಕನ್ನಡಿಯ ಮುಂದೆ ಅದು ಸಣ್ಣ ವಿಷಯವಲ್ಲ.

ಹಂತ 9: ಮುಟ್ಟು, ಗರ್ಭ, ಬಾಣಂತನ

ಹೆಚ್ಚು ಮುಟ್ಟಿನ ಸ್ರಾವವನ್ನು “ಹೆಂಗಸರಿಗೆ ಇದ್ದದ್ದೇ” ಎಂದು ತಳ್ಳಿಹಾಕಿ ಕಬ್ಬಿಣದ ಕೊರತೆಯಲ್ಲಿ ವರ್ಷಗಟ್ಟಲೆ ಬಳಲುವವರಿದ್ದಾರೆ. ಹೇಳಿ, ಚಿಕಿತ್ಸೆ ಇದೆ. ಹಾರ್ಮೋನ್ ಬಿಡುಗಡೆ ಮಾಡುವ ಗರ್ಭಾಶಯದ ಸಾಧನ ಸ್ರಾವವನ್ನು ಕಡಿಮೆ ಮಾಡುತ್ತದೆ, ತಾಮ್ರದ್ದು ಹೆಚ್ಚಿಸುತ್ತದೆ. ಈಸ್ಟ್ರೋಜನ್ ಇರುವ ಗುಳಿಗೆಗಳು ಹೆಪ್ಪುಗಟ್ಟಿಸುವುದರಿಂದ ಬೇಡ. ತಿಂಗಳ ನಡುವೆ ಅಂಡ ಬಿಡುಗಡೆಯಾಗುವಾಗ ಹೊಟ್ಟೆಯೊಳಗೆ ರಕ್ತ ಸೋರುವುದೂ ಸಾಧ್ಯ. ಕಿಬ್ಬೊಟ್ಟೆಯಲ್ಲಿ ಧಿಡೀರ್ ತೀವ್ರ ನೋವು, ತಲೆಸುತ್ತು ಬಂದರೆ ತುರ್ತು ಸ್ಥಿತಿ.

ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲು ಹೃದ್ರೋಗ ತಜ್ಞರ ಮತ್ತು ಪ್ರಸೂತಿ ತಜ್ಞರ ಬಳಿ ಹೋಗಿ, ಆಮೇಲೆ ಮುಂದಿನ ಮಾತು. ವಾರ್ಫರಿನ್ ಜರಾಯುವನ್ನು ದಾಟುತ್ತದೆ. 6ರಿಂದ 12ನೆಯ ವಾರದ ನಡುವೆ ಮಗುವಿನ ಮೂಗು ಮತ್ತು ಮೂಳೆಯ ಬೆಳವಣಿಗೆಗೆ ಹಾನಿ ಮಾಡಬಹುದು. ದಿನಕ್ಕೆ 5 ಮಿಲಿಗ್ರಾಂವರೆಗಿನ ಅಳತೆಯಲ್ಲಿ ಆ ಅಪಾಯ ಕಡಿಮೆ. ಹೆಪ್ಪು ತಡೆಯಲು ಚುಚ್ಚುಮದ್ದಾಗಿ ಕೊಡುವ ಹೆಪಾರಿನ್ ಮಗುವನ್ನು ಮುಟ್ಟುವುದಿಲ್ಲ, ಆದರೆ ತಾಯಿಯ ಕವಾಟವನ್ನು ಅಷ್ಟೇ ಭದ್ರವಾಗಿ ಕಾಯುವುದಿಲ್ಲ. ಯಾವ ತಿಂಗಳಲ್ಲಿ ಯಾವುದು ಎಂಬುದು ಲೇಖನ ಓದಿ ತೀರ್ಮಾನಿಸುವ ವಿಷಯವಲ್ಲ. ಮುಟ್ಟು ತಪ್ಪಿದರೆ ಗಾಬರಿಯಿಂದ ಮಾತ್ರೆ ನಿಲ್ಲಿಸಬೇಡಿ, ಅಂದೇ ಫೋನ್ ಮಾಡಿ. ಹೆರಿಗೆಯ ನಂತರ ವಾರ್ಫರಿನ್ ತೆಗೆದುಕೊಳ್ಳುತ್ತಲೇ ಎದೆಹಾಲು ಕೊಡಬಹುದು.

ಹಂತ 10: ಹಲ್ಲು, ಸೂಜಿ, ಶಸ್ತ್ರಚಿಕಿತ್ಸೆ

ಹಲ್ಲು ಕೀಳಿಸಲು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಐಎನ್‌ಆರ್ ಗುರಿಯೊಳಗಿದ್ದರೆ ಒತ್ತಿ ಹಿಡಿದ ಹತ್ತಿ, ಹೊಲಿಗೆ, ಟ್ರಾನೆಕ್ಸಾಮಿಕ್ ಆಮ್ಲದ ಬಾಯಿ ಮುಕ್ಕಳಿಕೆಯಿಂದ ರಕ್ತ ನಿಲ್ಲುತ್ತದೆ. ಹಿಂದಿನ ದಿನ ಅಥವಾ ಅದರ ಹಿಂದಿನ ದಿನ ಐಎನ್‌ಆರ್ ನೋಡಿಸಿ, ಬೆಳಗಿನ ಹೊತ್ತನ್ನೇ ಕೇಳಿ. ರಾತ್ರಿ ರಕ್ತ ಬಂದರೆ ಯಾರೂ ಸಿಗುವುದಿಲ್ಲ. ಕೃತಕ ಕವಾಟವಿರುವವರಿಗೆ ಸೋಂಕು ತಡೆಯಲು ಮೊದಲೇ ಒಂದು ಹೊತ್ತಿನ ಪ್ರತಿಜೀವಕ ಬೇಕಾಗುತ್ತದೆ, ಅದನ್ನೂ ದಂತವೈದ್ಯರಿಗೆ ನೆನಪಿಸಿ.

ಸ್ನಾಯುವಿಗೆ ಚುಚ್ಚುವ ನೋವಿನ ಇಂಜೆಕ್ಷನ್ ಬೇಡವೆನ್ನಿ. ಪೃಷ್ಠದಲ್ಲಿ ಕಟ್ಟುವ ರಕ್ತದ ಗಂಟು ವಾರಗಟ್ಟಲೆ ಕಾಡುತ್ತದೆ. ಲಸಿಕೆಗಳು ಬೇರೆ. ಸಣ್ಣ ಸೂಜಿ ಬಳಸಿ, ಉಜ್ಜದೆ ಎರಡು ಮೂರು ನಿಮಿಷ ಬಲವಾಗಿ ಒತ್ತಿದರೆ ಸಾಕು.

ದೊಡ್ಡ ಶಸ್ತ್ರಚಿಕಿತ್ಸೆಗೆ ವಾರ್ಫರಿನ್ ಅನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ, ಮೈಟ್ರಲ್ ಕವಾಟದಂಥ ಹೆಚ್ಚಿನ ಅಪಾಯದವರಿಗೆ ನಡುವೆ ಹೆಪಾರಿನ್ ಕೊಡುತ್ತಾರೆ. ಯಾವ ದಿನ ಕೊನೆಯ ಮಾತ್ರೆ, ಯಾವ ದಿನ ಮೊದಲ ಹೆಪಾರಿನ್, ಮಾತ್ರೆ ಮತ್ತೆ ಯಾವ ಸಂಜೆ ಶುರು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಶಸ್ತ್ರಚಿಕಿತ್ಸಕರು ಹೃದ್ರೋಗ ತಜ್ಞರನ್ನು ಕೇಳಿ ಎನ್ನುತ್ತಾರೆ, ಅವರು ಇವರನ್ನು ಕೇಳಿ ಎನ್ನುತ್ತಾರೆ. ಇಬ್ಬರ ನಡುವೆ ಮಾತ್ರೆ ಮತ್ತೆ ಶುರುವಾಗುವುದೇ ಮರೆತುಹೋಗುವುದನ್ನು ನಾವು ಒಮ್ಮೆ ಕಂಡಿದ್ದೇವೆ. ನಾಲ್ಕನೆಯ ದಿನ ನೆನಪಿಸಿದ್ದು ಅತ್ತಿಗೆಯ ಪುಸ್ತಕದ ಖಾಲಿ ಸಾಲುಗಳು.

ಹಂತ 11: ಜೇಬಿನಲ್ಲಿ ಒಂದು ಕಾರ್ಡ್

ಎಚ್ಚರ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಇದೊಂದೇ. ಕವಾಟದ ಬಗೆ ಮತ್ತು ಜಾಗ, ಹಾಕಿದ ವರ್ಷ, ಮಾತ್ರೆಯ ಹೆಸರು, ಗುರಿಯ ಐಎನ್‌ಆರ್, ವೈದ್ಯರ ಮತ್ತು ಮನೆಯವರ ಫೋನ್ ಸಂಖ್ಯೆ ಇಷ್ಟು ಸಾಕು. ಈಗಿನ ಅಳತೆ ಬದಲಾಗುತ್ತಿರುವುದರಿಂದ ಅದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಒಂದು ಪ್ರತಿ ಪರ್ಸಿನಲ್ಲಿ, ಒಂದರ ಚಿತ್ರ ಮೊಬೈಲಿನಲ್ಲಿ. ಅತ್ತಿಗೆಯ ಕಾರ್ಡಿನ ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ ಒಂದು ಸಾಲು ಹೆಚ್ಚಿದೆ: “ಮೈಕೊನಜೋಲ್ ಬೇಡ, ಜೆಲ್ ರೂಪದಲ್ಲೂ.”